‘ಚಳಿ’ ಎಂಬ ಪದವೇ ಇಲ್ಲದ ಮರಣ ಪ್ರಮಾಣಪತ್ರಗಳು: ಸಾರ್ವಜನಿಕ ಆರೋಗ್ಯದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತಳಾದವಳು ನಾನು. ವೈದ್ಯರು ತುಂಬಿ ಕಳುಹಿಸುತ್ತಿದ್ದ ಮರಣ ಕಾರಣದ ಪ್ರಮಾಣಪತ್ರಗಳನ್ನು ಓದಿ, ಅಲ್ಲಿ ಬರೆದಿರುವ ಕಾಯಿಲೆಗೆ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯ ಪ್ರಕಾರ ಸಂಕೇತ ಹಾಕುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ತೀವ್ರ ಹೃದಯಾಘಾತಕ್ಕೆ ಐ 21, ಹೃದಯ ವೈಫಲ್ಯಕ್ಕೆ ಐ 50, ಮೆದುಳಿನ ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯುವಿಗೆ ಐ 63. ವಿಪರೀತ ಚಳಿಗೆ ಸಿಕ್ಕಿ ಸತ್ತವರಿಗೂ ಆ ಪುಸ್ತಕದಲ್ಲಿ ಒಂದು ಸಂಕೇತವಿದೆ, ಎಕ್ಸ್ 31. ಅಷ್ಟೂ ವರ್ಷಗಳಲ್ಲಿ ಅದನ್ನು ನಾನು ಬರೆದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಆದರೆ ಪ್ರತಿ ವರ್ಷ ಚಳಿಗಾಲ ಕಾಲಿಟ್ಟು ಒಂದೆರಡು ವಾರವಾಗುತ್ತಿದ್ದಂತೆ ನನ್ನ ಮೇಜಿನ ಮೇಲೆ ‘ಐ’ ಅಕ್ಷರದಿಂದ ಶುರುವಾಗುವ ಕಂತೆ ದಪ್ಪವಾಗುತ್ತಿತ್ತು, ಚಳಿ ಕಳೆದ ಮೇಲೆ ಮತ್ತೆ ತೆಳ್ಳಗಾಗುತ್ತಿತ್ತು.

ಒಂದು ಚಳಿಗಾಲದಲ್ಲಿ ಪತಿಯ ಮರಣ ಪ್ರಮಾಣಪತ್ರದ ಪ್ರತಿಯನ್ನು ಪಡೆಯಲು ಬಂದಿದ್ದ ವೃದ್ಧೆಯೊಬ್ಬರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ಓದಿ ಮುಗಿಸಿ, “ಮೂರು ದಿನದಿಂದ ಕೈಕಾಲು ಬೆಚ್ಚಗಾಗುವುದೇ ಇಲ್ಲ ಅಂತ ಹೇಳುತ್ತಲೇ ಇದ್ದರು ಅಮ್ಮಾ, ಇದರಲ್ಲಿ ಅದೇನೂ ಬರೆದಿಲ್ಲವಲ್ಲ” ಎಂದು ಕೇಳಿದರು. ಅದನ್ನೆಲ್ಲ ಇದರಲ್ಲಿ ಬರೆಯುವುದಿಲ್ಲ ಎಂದು ಹೇಳಿ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಕಳುಹಿಸಿದೆ. ನಿಯಮದ ಪ್ರಕಾರ ನಾನು ಕೊಟ್ಟ ಉತ್ತರ ಸರಿಯೇ ಇತ್ತು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಿವೃತ್ತಿಯ ನಂತರ ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಆಕೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮರಣ ಕಾರಣದ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಭಾಗದಲ್ಲಿ ಸಾವಿಗೆ ನೇರವಾಗಿ ದಾರಿ ಮಾಡಿದ ಕಾಯಿಲೆ ಮತ್ತು ಅದರ ಹಿಂದಿನ ಮೂಲ ಕಾಯಿಲೆಯನ್ನು ಒಂದರ ಕೆಳಗೊಂದರಂತೆ ಬರೆಯುತ್ತಾರೆ. ಎರಡನೆಯ ಭಾಗದಲ್ಲಿ ಸಾವಿಗೆ ಒತ್ತಾಸೆಯಾದ ಇತರ ಸ್ಥಿತಿಗಳನ್ನು, ಅಂದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಇಂಥವುಗಳನ್ನು ನಮೂದಿಸುತ್ತಾರೆ. ಈ ಎರಡರಲ್ಲಿ ಯಾವ ಭಾಗದಲ್ಲೂ ಚಳಿಯ ಹೆಸರು ಬರುವುದಿಲ್ಲ. ಇದು ವೈದ್ಯರ ತಪ್ಪಲ್ಲ. ಮಂಚದ ಮೇಲಿರುವ ಒಬ್ಬ ರೋಗಿಯ ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪು ಇ.ಸಿ.ಜಿ.ಯಲ್ಲಿ ತನ್ನ ಗುರುತು ಬಿಡುತ್ತದೆ, ರಕ್ತಪರೀಕ್ಷೆಯಲ್ಲಿ ಸಿಗುತ್ತದೆ. ಆದರೆ ಹಿಂದಿನ ಎರಡು ಮೂರು ದಿನ ಆತ ತಣ್ಣನೆಯ ಕೋಣೆಯಲ್ಲಿ ಮಲಗಿದ್ದರಿಂದಲೇ ಆ ಹೆಪ್ಪು ಕಟ್ಟಿತು ಎಂಬುದನ್ನು ಯಾವ ಪರೀಕ್ಷೆಯೂ ತೋರಿಸಲಾರದು. ಚಳಿ ಇಲ್ಲದಿದ್ದರೆ ಆತನಿಗೆ ಅದೇ ದಿನ ಹೃದಯಾಘಾತ ಆಗುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲ ವೈದ್ಯರು ಎಲ್ಲಿದ್ದಾರೆ? ಚಳಿಯ ಕೈವಾಡ ಒಬ್ಬೊಬ್ಬರ ಸಾವಿನಲ್ಲಿ ಕಾಣುವುದಿಲ್ಲ. ಸಾವಿರಾರು ಸಾವುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಆ ದಿನಗಳ ತಾಪಮಾನವನ್ನು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಅಷ್ಟು ಸಾವುಗಳ ಲೆಕ್ಕ ಒಟ್ಟಿಗೆ ಇರುವುದು ತಮ್ಮ ಬಳಿ ಮಾತ್ರ. ಆದ್ದರಿಂದಲೇ ಈ ಪತ್ರವನ್ನು ವೈದ್ಯರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ಹಾಗೆ ಜೋಡಿಸಿ ನೋಡಿದವರು ಕಂಡದ್ದೇನು ಎಂಬುದನ್ನು ಮೊದಲು ಹೇಳಬೇಕು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 13 ದೇಶಗಳ 384 ಸ್ಥಳಗಳಲ್ಲಿ ಸಂಭವಿಸಿದ 7.4 ಕೋಟಿಗೂ ಹೆಚ್ಚು ಸಾವುಗಳನ್ನು ತಾಪಮಾನದೊಂದಿಗೆ ಹೋಲಿಸಿತು. ಒಟ್ಟು ಸಾವುಗಳಲ್ಲಿ ಶೇ. 7.29ರಷ್ಟು ಚಳಿಗೆ ಸಂಬಂಧಿಸಿದವು, ಶೇ. 0.42ರಷ್ಟು ಸೆಕೆಗೆ ಸಂಬಂಧಿಸಿದವು ಎಂದು ಅದು ಅಂದಾಜು ಮಾಡಿತು. ಈ ಎರಡು ಅಂಕಿಗಳ ನಡುವಿನ ಅಂತರಕ್ಕಿಂತ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅದೇ ಅಧ್ಯಯನದ ಇನ್ನೊಂದು ಅಂಶ. ಚಳಿಯಾಗಲಿ ಸೆಕೆಯಾಗಲಿ, ವಿಪರೀತ ತಾಪಮಾನದ ದಿನಗಳ ಪಾಲು ಎರಡೂ ಸೇರಿ ಶೇ. 0.86 ಮಾತ್ರ. ಅಂದರೆ ಚಳಿಗೆ ಸಂಬಂಧಿಸಿದ ಸಾವುಗಳಲ್ಲಿ ಬಹುಪಾಲು ಸಂಭವಿಸುವುದು ಸುದ್ದಿಯಾಗುವಂಥ ಕೊರೆಯುವ ದಿನಗಳಲ್ಲಲ್ಲ. ಯಾರೂ ಅಷ್ಟಾಗಿ ಗಮನಿಸದ, ಒಂದರ ಹಿಂದೆ ಒಂದರಂತೆ ವಾರಗಟ್ಟಲೆ ಬಂದು ಹೋಗುವ ಸಾಧಾರಣ ಚಳಿಯ ದಿನಗಳಲ್ಲಿ. ಅಂಥ ಒಂದು ದಿನದ ಅಪಾಯ ಸಣ್ಣದು, ಆದರೆ ದಿನಗಳ ಸಂಖ್ಯೆ ದೊಡ್ಡದು.

ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳನ್ನಷ್ಟೇ ತೆಗೆದುಕೊಂಡು ನಡೆಸಿದ ಅಧ್ಯಯನವೊಂದು 2022ರ ಡಿಸೆಂಬರ್‌ನಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಬಂತು. 1979ರಿಂದ 2019ರವರೆಗೆ 27 ದೇಶಗಳ 567 ನಗರಗಳಲ್ಲಿ ಈ ಕಾಯಿಲೆಗಳಿಂದ ಆದ 3.2 ಕೋಟಿ ಸಾವುಗಳನ್ನು ಅದು ಪರಿಶೀಲಿಸಿತ್ತು. ಪ್ರತಿ 1,000 ಸಾವುಗಳಲ್ಲಿ ಸುಮಾರು 9 ಸಾವುಗಳು ಆಯಾ ನಗರದ ವಿಪರೀತ ಚಳಿಯ ದಿನಗಳಿಂದ, ಸುಮಾರು 2 ಸಾವುಗಳು ವಿಪರೀತ ಸೆಕೆಯ ದಿನಗಳಿಂದ ಹೆಚ್ಚುವರಿಯಾಗಿ ಆದವು ಎಂದು ಅದರ ಲೆಕ್ಕ. ಹೃದಯ ವೈಫಲ್ಯದ ರೋಗಿಗಳ ಮಟ್ಟಿಗೆ ಚಳಿಯ ಅಂಕಿ ಇನ್ನೂ ಏರಿ 13ರ ಹತ್ತಿರ ಬರುತ್ತದೆ. ನೆನಪಿರಲಿ, ಇದು ವಿಪರೀತ ಚಳಿಯ ಕೆಲವೇ ದಿನಗಳ ಲೆಕ್ಕ. ಸಾಧಾರಣ ಚಳಿಯ ದಿನಗಳು ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 1.79 ಕೋಟಿ ಜನ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳಿಂದ ತೀರಿಕೊಂಡರು. ಅಷ್ಟು ದೊಡ್ಡ ಮೊತ್ತದಲ್ಲಿ ಸಾವಿರಕ್ಕೆ ಒಂಬತ್ತು ಎಂಬುದು ಎಷ್ಟು ಮನೆಗಳ ದುಃಖವಾಗುತ್ತದೆ ಎಂಬುದನ್ನು ತಾವೇ ಗುಣಿಸಿ ನೋಡಬಹುದು.

ಇದು ಹೊಸದಾಗಿ ಕಂಡುಕೊಂಡ ಸತ್ಯವೂ ಅಲ್ಲ. 1795ರ ಜನವರಿ ಲಂಡನ್ನಿನಲ್ಲಿ ಅಸಾಧಾರಣ ಚಳಿಯ ತಿಂಗಳಾಗಿತ್ತು, ಮರುವರ್ಷದ ಜನವರಿ ಅಷ್ಟೇ ಅಸಾಧಾರಣವಾಗಿ ಬೆಚ್ಚಗಿತ್ತು. ಕಿರಿಯ ವಿಲಿಯಂ ಹೆಬರ್ಡೆನ್ ಎಂಬ ವೈದ್ಯ ಈ ಎರಡು ತಿಂಗಳ ಮರಣ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಚಳಿಯ ಜನವರಿಯಲ್ಲಿ ಸತ್ತವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿರುವುದು ಕಂಡುಬಂತು. 1796ರಲ್ಲಿ ಅದನ್ನು ಆತ ಪ್ರಕಟಿಸಿದ. ಎದೆ ಹಿಂಡುವ ನೋವಿಗೆ ‘ಆಂಜೈನಾ ಪೆಕ್ಟೋರಿಸ್’ ಎಂದು ಹೆಸರಿಟ್ಟವರು ಈತನ ತಂದೆ. ಕಂಪ್ಯೂಟರ್ ಇಲ್ಲದ, ಇ.ಸಿ.ಜಿ. ಇಲ್ಲದ ಕಾಲದಲ್ಲಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡುವ ತಾಳ್ಮೆಯೊಂದರಿಂದಲೇ ಆ ಮಗ ಇದನ್ನು ಕಂಡ.

ಚಳಿ ಹೃದಯವನ್ನು ತಲುಪುವ ದಾರಿ ಯಾವುದು ಎಂಬುದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಬೇಸಿಗೆಯಲ್ಲಿ ಬಿಸಿಲಿಗೆ ಕುಸಿದವರನ್ನು ಕಂಡಾಗ ಕಾರಣ ಯಾರಿಗೂ ವಿವರಿಸಬೇಕಾಗಿಲ್ಲ. ಚಳಿಯ ವಿಷಯದಲ್ಲಿ ಕಾರಣ ಮೈಯೊಳಗೆ ಅಡಗಿರುವುದರಿಂದಲೇ ಜನರಿಗೆ, ಎಷ್ಟೋ ಸಲ ಅಧಿಕಾರಿಗಳಿಗೂ, ನಂಬಿಕೆ ಬರುವುದಿಲ್ಲ. ಚರ್ಮಕ್ಕೆ ತಂಪು ತಗುಲಿದ ಕ್ಷಣವೇ ಅಲ್ಲಿನ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೈಯ ಶಾಖ ಹೊರಗೆ ಸೋರಿಹೋಗದಂತೆ ಚರ್ಮದ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತ ಒಳಭಾಗಕ್ಕೆ ಸರಿಯುತ್ತದೆ. ದೇಹವನ್ನು ಕಾಪಾಡಲೆಂದೇ ಇರುವ ವ್ಯವಸ್ಥೆ ಇದು. ಆದರೆ ಬಿಗಿದ ನಾಳಗಳೊಳಗೆ ಅದೇ ಪ್ರಮಾಣದ ರಕ್ತವನ್ನು ತಳ್ಳಬೇಕಾದ್ದರಿಂದ ರಕ್ತದೊತ್ತಡ ಏರುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ, ಹೆಚ್ಚು ದುಡಿಯುವ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆರೋಗ್ಯವಂತರ ಹೃದಯದ ನಾಳಗಳು ಹಿಗ್ಗಿ ಅದನ್ನು ಒದಗಿಸುತ್ತವೆ. ಕೊಬ್ಬು ಕಟ್ಟಿ ಗಟ್ಟಿಯಾದ ನಾಳಗಳಿಗೆ ಆ ಶಕ್ತಿ ಇರುವುದಿಲ್ಲ, ಕೆಲವೊಮ್ಮೆ ಅವು ಹಿಗ್ಗುವ ಬದಲು ಇನ್ನಷ್ಟು ಕುಗ್ಗುತ್ತವೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಒಳಕ್ಕೆ ಸರಿದ ರಕ್ತವನ್ನು ಹೆಚ್ಚುವರಿ ನೀರೆಂದು ಭಾವಿಸುವ ದೇಹ ಮೂತ್ರದ ಮೂಲಕ ನೀರನ್ನು ಹೊರಹಾಕುತ್ತದೆ. ಚಳಿಯಲ್ಲಿ ಮತ್ತೆ ಮತ್ತೆ ಮೂತ್ರಕ್ಕೆ ಎದ್ದು ಹೋಗಬೇಕಾಗುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ನೀರು ಹೋಗುತ್ತದೆ, ರಕ್ತಕಣಗಳು ಉಳಿಯುತ್ತವೆ, ಉಳಿದ ರಕ್ತ ಗಟ್ಟಿಯಾಗುತ್ತದೆ. ಬ್ರಿಟನ್ನಿನ ಶರೀರವಿಜ್ಞಾನಿ ವಿಲಿಯಂ ಕೀಟಿಂಜ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಅಳೆದು ತೋರಿಸಿತು. ಸ್ವಯಂಸೇವಕರನ್ನು ಬೀಸುವ ಗಾಳಿಯಲ್ಲಿ ಆರು ಗಂಟೆ ಇರಿಸಿದರು. ಆ ಗಾಳಿಯ ತಾಪಮಾನ 24 ಡಿಗ್ರಿ ಸೆಲ್ಸಿಯಸ್. ಹಿಮವಲ್ಲ, ಮಂಜುಗಡ್ಡೆಯಲ್ಲ, ಹಿತವೆಂದು ಹೇಳಬಹುದಾದ 24 ಡಿಗ್ರಿ. ಮೈಯೊಳಗಿನ ತಾಪಮಾನ ಇಳಿದದ್ದು ಕೇವಲ 0.4 ಡಿಗ್ರಿ. ಆದರೂ ರಕ್ತದೊತ್ತಡ ಸರಾಸರಿ 126/69ರಿಂದ 138/87ಕ್ಕೆ ಏರಿತು, ರಕ್ತದ ಸ್ನಿಗ್ಧತೆ, ಅಂದರೆ ಸರಾಗವಾಗಿ ಹರಿಯಲು ಬಿಡದ ಮಂದತನ, ಶೇ. 21ರಷ್ಟು ಹೆಚ್ಚಿತು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಏರಿತು. ಈ ಬದಲಾವಣೆಗಳಲ್ಲಿ ಹೆಚ್ಚಿನವು ಮೊದಲ ಗಂಟೆಯಲ್ಲಿ ಆಗಿರಲಿಲ್ಲ ಎಂಬುದನ್ನು ಅವರು ಗುರುತಿಸಿದ್ದಾರೆ. ಅಂದರೆ ಚಳಿ ಕೆಲಸ ಮಾಡುವುದು ಗಂಟೆಗಳ ಲೆಕ್ಕದಲ್ಲಿ, ಕೂತಲ್ಲೇ ಕೂತವರ ಮೇಲೆ, ನಡುಕ ಹುಟ್ಟುವುದಕ್ಕೂ ಮೊದಲೇ.

ಈ ಪ್ರಯೋಗವನ್ನು ಓದಿದ ದಿನ ನನಗೆ ನೆನಪಾದದ್ದು ನನ್ನ ತಾಯಿ. ಎಂಬತ್ತು ದಾಟಿದ ಆಕೆ ಚಳಿಗಾಲದ ಬೆಳಗಿನ ಜಾವ ಹೊದಿಕೆಯಿಂದ ಎದ್ದು, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಡೆದು, ಕಿಟಕಿ ಸರಿಯಾಗಿ ಮುಚ್ಚದ ಬಚ್ಚಲುಮನೆಗೆ ಹೋಗಿ, ಮರಳಿ ಬಂದು ಕುರ್ಚಿಯಲ್ಲಿ ಕೂತು ಬಿ.ಪಿ. ನೋಡೆಂದು ತೋಳು ಚಾಚುತ್ತಿದ್ದರು. ಪಟ್ಟಿ ಸುತ್ತುವಾಗ ಅವರ ತೋಳು ನನ್ನ ಬೆರಳಿಗೆ ಲೋಹದಷ್ಟು ತಣ್ಣಗೆ ತಗಲುತ್ತಿತ್ತು. ಬೇಸಿಗೆಯಲ್ಲಿ ಹಿಡಿತದಲ್ಲಿರುತ್ತಿದ್ದ ಒತ್ತಡ ಆ ತಿಂಗಳುಗಳಲ್ಲಿ, ಅದೇ ಮಾತ್ರೆ ಅದೇ ಹೊತ್ತಿಗೆ ತೆಗೆದುಕೊಂಡರೂ, ಏರಿಯೇ ಇರುತ್ತಿತ್ತು. “ನನಗೇನೂ ಚಳಿ ಇಲ್ಲ ಮಗಳೇ” ಎಂದು ಅವರು ಹೇಳುತ್ತಿದ್ದದ್ದು ನಿಜವೇ. ವಯಸ್ಸಾದಂತೆ ಚಳಿಯನ್ನು ಗ್ರಹಿಸುವ ಶಕ್ತಿಯೂ, ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ ಕುಂದುತ್ತವೆ. ಹಿರಿಯರು ಚಳಿ ಎಂದು ಹೇಳದಿದ್ದರೆ ಚಳಿ ಆಗಿಲ್ಲ ಎಂದು ಮನೆಯವರು ತಿಳಿಯುವುದು ಈ ಕಾರಣಕ್ಕೆ ಅಪಾಯಕಾರಿ. ಹಿರಿಯರಲ್ಲಿ ಚಳಿಗಾಲದ ರಕ್ತದೊತ್ತಡ ಬೇಸಿಗೆಗಿಂತ ಸರಾಸರಿ ಸುಮಾರು 5 ಮಿ.ಮೀ. ಹೆಚ್ಚಿರುತ್ತದೆ ಎಂದೂ, ಎಂಬತ್ತು ದಾಟಿದವರಲ್ಲಿ ಈ ಅಂತರ ಇನ್ನೂ ದೊಡ್ಡದೆಂದೂ ಅಧ್ಯಯನಗಳು ಹೇಳುತ್ತವೆ. ಇದರೊಂದಿಗೆ ಇನ್ನೊಂದು ಸಂಗತಿ ಸೇರುತ್ತದೆ. ಹೃದಯಾಘಾತಗಳು ದಿನದ ಉಳಿದ ಹೊತ್ತಿಗಿಂತ ಬೆಳಗ್ಗೆ ಆರರಿಂದ ನಡುಹಗಲಿನವರೆಗೆ ಹೆಚ್ಚು. ಎದ್ದ ಕೂಡಲೇ ಸಹಜವಾಗಿ ಏರುವ ರಕ್ತದೊತ್ತಡದ ಮೇಲೆ ದಿನದ ಅತ್ಯಂತ ತಣ್ಣನೆಯ ಗಳಿಗೆಯೂ ಬಂದು ಕೂರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಎತ್ತಿ ಹೇಳಲೇಬೇಕು. ಚಳಿಯಿಂದ ಸಾಯುವುದು ಹಿಮ ಬೀಳುವ ದೇಶಗಳ ಸಮಸ್ಯೆ, ಬೆಚ್ಚಗಿನ ಊರುಗಳಿಗೆ ಅದರ ಗೊಡವೆ ಬೇಡ ಎಂಬ ಮಾತನ್ನು ನಾನು ಆಡಳಿತದ ಆಯಕಟ್ಟಿನ ಸ್ಥಾನಗಳಲ್ಲಿ ಇರುವವರ ಬಾಯಿಂದಲೇ ಕೇಳಿದ್ದೇನೆ. ವಾಸ್ತವ ಇದಕ್ಕೆ ತಿರುಗುಮುರುಗಾಗಿದೆ. ಯುರೋಪಿನ ಎಂಟು ಪ್ರದೇಶಗಳನ್ನು ಹೋಲಿಸಿ 1997ರಲ್ಲಿ ಪ್ರಕಟವಾದ ‘ಯೂರೋವಿಂಟರ್’ ಅಧ್ಯಯನದ ಪ್ರಕಾರ, ತಾಪಮಾನ 18 ಡಿಗ್ರಿಗಿಂತ ಕೆಳಗೆ ಒಂದೊಂದು ಡಿಗ್ರಿ ಇಳಿದಂತೆ ಸಾವುಗಳು ಬೆಚ್ಚಗಿನ ಅಥೆನ್ಸ್‌ನಲ್ಲಿ ಶೇ. 2.15ರಷ್ಟು ಏರಿದರೆ, ಕೊರೆಯುವ ದಕ್ಷಿಣ ಫಿನ್ಲೆಂಡಿನಲ್ಲಿ ಏರಿದ್ದು ಶೇ. 0.27 ಮಾತ್ರ. ಹೊರಗೆ 7 ಡಿಗ್ರಿ ಇರುವಾಗ ಫಿನ್ಲೆಂಡಿನ ಮನೆಗಳ ನಡುಕೋಣೆ 21.7 ಡಿಗ್ರಿಯಲ್ಲಿತ್ತು, ಅಥೆನ್ಸ್‌ನಲ್ಲಿ 19.2. ಅದೇ ಚಳಿಯಲ್ಲಿ ಹೊರಗೆ ಹೊರಟಾಗ ತಲೆಗೆ ಟೋಪಿ ಹಾಕಿಕೊಳ್ಳುತ್ತಿದ್ದವರು ಫಿನ್ಲೆಂಡಿನಲ್ಲಿ ನೂರಕ್ಕೆ 72, ಅಥೆನ್ಸ್‌ನಲ್ಲಿ 13. ಚಳಿಯನ್ನು ಬಲ್ಲವರು ಮನೆಯನ್ನೂ ಮೈಯನ್ನೂ ಅದಕ್ಕೆ ತಕ್ಕಂತೆ ಸಜ್ಜುಮಾಡಿಕೊಂಡಿದ್ದರು. ಚಳಿ ನಮ್ಮನ್ನೇನು ಮಾಡೀತು ಎಂದುಕೊಂಡವರ ಮನೆಗಳೂ ಉಡುಪೂ ಸಜ್ಜಾಗಿರಲಿಲ್ಲ. ಸದಾ ಹಿತವಾದ ಹವೆಗೆ ಹೆಸರಾದ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿಯೂ ಹೃದಯದ ರಕ್ತನಾಳಗಳ ಕಾಯಿಲೆಯಿಂದಾಗುವ ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಿಗಿಂತ ಡಿಸೆಂಬರ್ ಮತ್ತು ಜನವರಿಯಲ್ಲಿ ಸುಮಾರು ಮೂರನೇ ಒಂದರಷ್ಟು ಹೆಚ್ಚಿರುತ್ತವೆ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ, ಎಷ್ಟು ಡಿಗ್ರಿಗೆ ಇಳಿದರೆ ಅಪಾಯ ಎಂಬುದಕ್ಕೆ ಲೋಕಕ್ಕೆಲ್ಲ ಒಂದೇ ಅಂಕಿ ಇಲ್ಲ. ಆಯಾ ಜನ ಒಗ್ಗಿಕೊಂಡಿರುವ ತಾಪಮಾನಕ್ಕಿಂತ ಎಷ್ಟು ಇಳಿಯಿತು, ಅವರ ಮನೆ ಅದನ್ನು ಎಷ್ಟು ತಡೆಯಿತು ಎಂಬುದೇ ಮುಖ್ಯ.

ಹಿಮ ಬೀಳುವ ಕಡೆಯ ಅಪಾಯ ಬೇರೆ ಬಗೆಯದು, ಅದನ್ನೂ ಅಲ್ಲಗಳೆಯುವಂತಿಲ್ಲ. ಹೊರಗಿನ ಚಳಿಯಲ್ಲಿ ನಿಂತು ಸಲಿಕೆಯಿಂದ ಹಿಮ ಎತ್ತಿ ಹಾಕುವ ಕೆಲಸ, ಅಭ್ಯಾಸವಿಲ್ಲದವರ ಹೃದಯದ ಬಡಿತವನ್ನು ನಿಮಿಷಗಳಲ್ಲಿ ಗರಿಷ್ಠ ಮಿತಿಯ ಹತ್ತಿರ ಒಯ್ಯುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದ ಅಧ್ಯಯನವೊಂದು ಭಾರೀ ಹಿಮಪಾತದ ಮರುದಿನ ಗಂಡಸರಲ್ಲಿ ಹೃದಯಾಘಾತ ಹೆಚ್ಚುವುದನ್ನು 2017ರಲ್ಲಿ ವರದಿ ಮಾಡಿದೆ.

ಆಡಳಿತದವರು ವಿಶೇಷವಾಗಿ ಗಮನಿಸಬೇಕಾದದ್ದು ಸಾವು ಬರುವ ಹೊತ್ತನ್ನು. ಸೆಕೆಯ ಪೆಟ್ಟು ಅದೇ ದಿನ ಅಥವಾ ಮರುದಿನ ಬೀಳುತ್ತದೆ, ಆದ್ದರಿಂದ ಎಲ್ಲರಿಗೂ ಕಾಣುತ್ತದೆ. ಚಳಿಯ ಪೆಟ್ಟು ಹಾಗಲ್ಲ. ಹೃದಯಾಘಾತಗಳು ಎರಡು ಮೂರು ದಿನಗಳಲ್ಲಿ ಏರತೊಡಗುತ್ತವೆ, ಉಸಿರಾಟದ ಸೋಂಕಿನ ಮೂಲಕ ಬರುವ ಸಾವುಗಳು ಹತ್ತು ಹನ್ನೆರಡು ದಿನ ಕಳೆದು ಬರುತ್ತವೆ. ಒಟ್ಟು ಪರಿಣಾಮ ಮೂರು ವಾರದವರೆಗೂ ಉಳಿಯುತ್ತದೆ. ಚಳಿ ಇಳಿದು ಬಿಸಿಲು ಮೂಡಿದ ಮೇಲೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ರೋಗಿಗಳು ಬರುತ್ತಲೇ ಇರುತ್ತಾರೆ. ಅಷ್ಟರಲ್ಲಿ ಎಚ್ಚರಿಕೆಯ ಪ್ರಕಟಣೆಯನ್ನು ಹಿಂಪಡೆದಿರುತ್ತಾರೆ, ಜನರೂ ಬೆಚ್ಚನೆಯ ಬಟ್ಟೆಗಳನ್ನು ಮಡಚಿಟ್ಟಿರುತ್ತಾರೆ. ನನ್ನ ಮೇಜಿನ ಮೇಲಿನ ಕಂತೆ ಅತಿ ದಪ್ಪಗಿರುತ್ತಿದ್ದದ್ದು ಅತಿ ಚಳಿಯ ದಿನವಲ್ಲ, ಅದರ ಮುಂದಿನ ವಾರ. ಅದರ ಅರ್ಥ ನನಗೆ ಆಗ ತಿಳಿದಿರಲಿಲ್ಲ.

ಸೋಂಕಿನ ಮಾತು ಬಂತು. ಚಳಿಗಾಲದ ಎಲ್ಲ ಹೆಚ್ಚುವರಿ ಸಾವುಗಳನ್ನೂ ತಾಪಮಾನದ ತಲೆಗೇ ಕಟ್ಟಬಾರದು ಎಂದು ವಾದಿಸುವ ಸಂಶೋಧಕರಿದ್ದಾರೆ. ಫ್ಲೂ ಹರಡುವುದು, ಬಿಸಿಲು ಕಡಿಮೆಯಾಗುವುದು, ಜನ ಓಡಾಟ ಕಡಿಮೆ ಮಾಡುವುದು, ತಣ್ಣನೆಯ ಗಾಳಿ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಡುವುದು, ಇವೆಲ್ಲ ಅದೇ ತಿಂಗಳುಗಳಲ್ಲಿ ಒಟ್ಟಿಗೆ ಬರುತ್ತವೆ. ಈ ವಾದದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಕೈಕಟ್ಟಿ ಕೂರಲು ಅದು ನೆಪವಾಗಬಾರದು. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು, ಪ್ರಯೋಗಾಲಯದಲ್ಲಿ ಫ್ಲೂ ದೃಢಪಟ್ಟ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಉಳಿದ ದಿನಗಳಿಗಿಂತ ಆರು ಪಟ್ಟು ಇರುತ್ತದೆಂದು ಕಂಡುಕೊಂಡಿತು. 2021ರಲ್ಲಿ ಎಂಟು ದೇಶಗಳ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಅಲ್ಲಿಯೇ ಫ್ಲೂ ಲಸಿಕೆ ಕೊಟ್ಟಾಗ, ಮುಂದಿನ ಒಂದು ವರ್ಷದಲ್ಲಿ ಹೃದಯ ಸಂಬಂಧಿ ಕಾರಣದಿಂದ ತೀರಿಕೊಂಡವರು ಶೇ. 2.7. ಲಸಿಕೆಯ ಬದಲು ಉಪ್ಪುನೀರಿನ ಚುಚ್ಚುಮದ್ದು ಪಡೆದವರಲ್ಲಿ ಶೇ. 4.5. ಚಳಿಯೇ ನೇರವಾಗಿ ಕೊಂದಿರಲಿ, ಚಳಿಯ ಜೊತೆ ಬಂದ ಸೋಂಕು ಕೊಂದಿರಲಿ, ತಡೆಯಲು ಸಾಧ್ಯವಿದ್ದ ಸಾವು ತಡೆಯಲು ಸಾಧ್ಯವಿದ್ದ ಸಾವೇ.

ಭೂಮಿ ಬಿಸಿಯಾಗುತ್ತಿರುವಾಗ ಚಳಿಯ ಚಿಂತೆ ಏಕೆ ಎಂದು ಕೇಳುವವರಿಗೂ ಒಂದು ಮಾತು ಹೇಳಬೇಕು. ಸೆಕೆಯ ಸಾವುಗಳನ್ನು ಹಗುರವಾಗಿ ಕಾಣಲು ಈ ಪತ್ರವನ್ನು ಯಾರೂ ಬಳಸಕೂಡದು. ಸೆಕೆಯ ಅಪಾಯ ಏರುತ್ತಿದೆ, ಅದು ಬಡಿದಾಗ ಥಟ್ಟನೆ ಬಡಿಯುತ್ತದೆ. ಆದರೆ ಸರಾಸರಿ ತಾಪಮಾನ ಏರಿದ ಮಾತ್ರಕ್ಕೆ ಚಳಿಗಾಲವೇ ಇಲ್ಲವಾಗುವುದಿಲ್ಲ. ಬೆಚ್ಚನೆಯ ಹವೆಗೆ ಒಗ್ಗಿದ ಜನ ಸಣ್ಣ ಇಳಿತಕ್ಕೂ ಹೆಚ್ಚು ಬಳಲುತ್ತಾರೆ ಎಂಬುದನ್ನು ಅಥೆನ್ಸ್‌ನ ಅಂಕಿಗಳೇ ಹೇಳುತ್ತಿವೆ. ಜೊತೆಗೆ, ಹೃದ್ರೋಗವಿರುವ ಹಿರಿಯರ ಸಂಖ್ಯೆ ಎಲ್ಲ ಕಡೆಯೂ ಬೆಳೆಯುತ್ತಿದೆ. ಗೋಡೆ, ಮಾಡು, ಕಿಟಕಿ ಸರಿಯಿರುವ ಮನೆ ಬೇಸಿಗೆಯ ಸೆಕೆಯನ್ನೂ ತಡೆಯುತ್ತದೆ, ಚಳಿಗಾಲದ ಚಳಿಯನ್ನೂ ತಡೆಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಹಾಗಾದರೆ ತಮ್ಮಿಂದ ನಾನು ಕೇಳುವುದೇನು? ಎಲ್ಲಕ್ಕಿಂತ ಮೊದಲು ಲೆಕ್ಕ. ಮರಣ ನೋಂದಣಿಯ ದಿನಾಂಕವಾರು, ಕಾರಣವಾರು ಪಟ್ಟಿ ಒಂದು ಇಲಾಖೆಯಲ್ಲಿದೆ, ಹವಾಮಾನದ ದಿನಾಂಕವಾರು ದಾಖಲೆ ಇನ್ನೊಂದರಲ್ಲಿದೆ. ಇವೆರಡನ್ನೂ ಸೇರಿಸಿ, ವ್ಯಕ್ತಿಗಳ ಗುರುತು ತೆಗೆದುಹಾಕಿ, ಪ್ರತಿ ಚಳಿಗಾಲದ ನಂತರ ಪ್ರಕಟಿಸುವ ಪದ್ಧತಿ ಬರಬೇಕು. ಆಗ ಯಾವ ತಾಪಮಾನದ ಕೆಳಗೆ ಸಾವುಗಳು ಏರತೊಡಗುತ್ತವೆ ಎಂಬುದು ಆಯಾ ಪ್ರದೇಶಕ್ಕೆ ಅದರದೇ ಅಂಕಿಗಳಿಂದ ತಿಳಿಯುತ್ತದೆ. ಎಚ್ಚರಿಕೆಯ ಮಟ್ಟವನ್ನು ಅಲ್ಲಿಂದ ನಿಗದಿ ಮಾಡಬೇಕೇ ಹೊರತು, ಚಳಿಯಿಂದ ಸೆಟೆದು ಸತ್ತವರ ಸುದ್ದಿ ಬಂದ ಮೇಲೆ ಅಲ್ಲ. ಇಂಗ್ಲೆಂಡಿನಲ್ಲಿ 2011ರಿಂದ ಚಳಿಗಾಲದ ಆರೋಗ್ಯ ಯೋಜನೆಯೊಂದು ಜಾರಿಗೆ ಬಂದಿತು. ಈಗ ನವೆಂಬರ್‌ನಿಂದ ಮಾರ್ಚ್‌ವರೆಗೆ ಆರೋಗ್ಯ ಮತ್ತು ಹವಾಮಾನದ ಸಂಸ್ಥೆಗಳು ಸೇರಿ ಮುನ್ನೆಚ್ಚರಿಕೆ ಕೊಡುತ್ತವೆ. ಹಾಗೆ ಕೊಡುವ ಎಚ್ಚರಿಕೆ ವೃದ್ಧರ ಆರೈಕೆ ಮಾಡುವವರಿಗೆ, ಆಸ್ಪತ್ರೆಗಳಿಗೆ, ತುರ್ತು ವಾಹನ ಸೇವೆಗಳಿಗೆ ನೇರವಾಗಿ ತಲುಪಬೇಕು, ಚಳಿ ಇಳಿದ ಮೇಲೂ ಎರಡು ವಾರ ಜಾರಿಯಲ್ಲಿರಬೇಕು ಎಂಬುದು ನನ್ನ ಕೋರಿಕೆ.

ಎರಡನೆಯದು ಮನೆ, ಇದರ ಬಗ್ಗೆ ನನಗೆ ಅತಿ ಹೆಚ್ಚು ಕಳಕಳಿಯಿದೆ. ಚಳಿಯ ಸಾವು ಬೀದಿಯಲ್ಲಿ ಆಗುವುದಕ್ಕಿಂತ ಹೆಚ್ಚಾಗಿ ಮನೆಯೊಳಗೆ ಶುರುವಾಗುತ್ತದೆ. ಮನೆಯೊಳಗಿನ ತಾಪಮಾನ 18 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಹಿರಿಯರು, ಮಕ್ಕಳು ಮತ್ತು ದೀರ್ಘಕಾಲದ ರೋಗಿಗಳಿರುವ ಮನೆಗಳಲ್ಲಿ ಅದಕ್ಕಿಂತಲೂ ಹೆಚ್ಚಿರಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಹೇಳಿದೆ. ಈ ಅಂಕಿ ವಸತಿ ನಿಯಮಗಳಲ್ಲಿ ಬರಬೇಕು. ಸರ್ಕಾರದ ಹಣದಲ್ಲಿ ಕಟ್ಟುವ ಮನೆಗಳಲ್ಲಿ, ವೃದ್ಧಾಶ್ರಮಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ ಒಂದು ಉಷ್ಣಮಾಪಕ ಗೋಡೆಯ ಮೇಲಿರಬೇಕು. ನ್ಯೂಜಿಲೆಂಡಿನಲ್ಲಿ ಸುಮಾರು ಎರಡು ಲಕ್ಷ ಮನೆಗಳ ಮಾಡು ಮತ್ತು ನೆಲಕ್ಕೆ ಶಾಖ ಸೋರದಂತೆ ಪದರ ಹಾಕಿಸಿದ ಸರ್ಕಾರಿ ಯೋಜನೆಯ ಪರಿಶೀಲನೆ 2020ರಲ್ಲಿ ಪ್ರಕಟವಾಯಿತು. ಆ ಮನೆಗಳವರು ಆಸ್ಪತ್ರೆ ಸೇರುವ ಪ್ರಮಾಣ, ಇನ್ನೂ ಹಾಕಿಸದವರಿಗೆ ಹೋಲಿಸಿದರೆ, ಕಡಿಮೆಯಿತ್ತು. ಬಡವರಿಗೆ ಕೋಣೆಯನ್ನು ಬೆಚ್ಚಗಿಡಿ ಎಂಬ ಉಪದೇಶ ಸಾಲದು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಲಿಯಾಗುತ್ತಾರೆ. ಕಿಟಕಿಯ ಸಂದು ಮುಚ್ಚಿಸಲು, ಸುರಕ್ಷಿತವಾಗಿ ಕೋಣೆ ಕಾಯಿಸಲು ನೆರವು ಬೇಕು, ಅದು ಚಳಿ ಬರುವುದಕ್ಕೆ ಮೊದಲೇ ಸಿಗಬೇಕು.

ಮೂರನೆಯದು ಚಿಕಿತ್ಸಾಲಯಗಳಲ್ಲಿ ಆಗಬೇಕಾದ ಕೆಲಸ. ರಕ್ತದೊತ್ತಡ, ಹೃದಯ ವೈಫಲ್ಯ, ಹಿಂದೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರನ್ನು ಚಳಿಗಾಲಕ್ಕೆ ಮುಂಚೆ ಒಮ್ಮೆ ಕರೆಸಿ, ಬಿ.ಪಿ. ನೋಡಿ, ಔಷಧಿಯ ಪ್ರಮಾಣವನ್ನು ವೈದ್ಯರು ಪರಿಶೀಲಿಸಿ, ಫ್ಲೂ ಲಸಿಕೆ ಹಾಕಿಸುವ ಏರ್ಪಾಡು ಕಷ್ಟದ್ದಲ್ಲ.

ಕೊನೆಗೆ, ಈ ಪತ್ರ ಓದುವ ಸಾಮಾನ್ಯ ಓದುಗರಲ್ಲಿಯೂ ಒಂದು ವಿನಂತಿ. ಹೃದ್ರೋಗವಿರುವ ಹಿರಿಯರು ಮನೆಯಲ್ಲಿದ್ದರೆ ಚಳಿಯಾಗುತ್ತಿದೆಯೇ ಎಂದು ಕೇಳಿ ಸುಮ್ಮನಾಗಬೇಡಿ, ಅವರ ಕೈ ಮುಟ್ಟಿ ನೋಡಿ. ಬೆಳಗಿನ ನಡಿಗೆಯನ್ನು ಬಿಸಿಲೇರಿದ ಮೇಲಕ್ಕೆ ಮುಂದೂಡಲು ಹೇಳಿ. ತಲೆ, ಕಿವಿ, ಪಾದ ಮುಚ್ಚಿರಲಿ. ಕೂತಲ್ಲೇ ಗಂಟೆಗಟ್ಟಲೆ ಕೂರದಂತೆ ಆಗಾಗ ಎಬ್ಬಿಸಿ ಓಡಾಡಿಸಿ. ಮದ್ಯ ಮೈ ಬೆಚ್ಚಗೆ ಮಾಡುತ್ತದೆ ಎಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ, ನಿಲ್ಲಿಸಲೂ ಬೇಡಿ. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಮಾತು ತೊದಲುವುದು, ಬಾಯಿ ಒಂದು ಕಡೆಗೆ ವಾಲುವುದು ಕಂಡರೆ ಬೆಳಗಾಗಲಿ ನೋಡೋಣ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾನ್ಯರೇ, ನಾನು ಹಾಕಿದ ಸಾವಿರಾರು ಸಂಕೇತಗಳು ತಮ್ಮ ಕಚೇರಿಯ ಲೆಕ್ಕಗಳಲ್ಲಿ ಇಂದಿಗೂ ಇವೆ. ಪ್ರತಿಯೊಂದರ ಮುಂದೆಯೂ ದಿನಾಂಕವಿದೆ. ಆ ದಿನಾಂಕಗಳ ಪಕ್ಕದಲ್ಲಿ ಆಯಾ ದಿನದ, ಅದರ ಹಿಂದಿನ ಮೂರು ವಾರಗಳ ತಾಪಮಾನವನ್ನು ಬರೆಯಿಸಿ, ಮುಂದಿನ ಚಳಿಗಾಲ ಬರುವುದರೊಳಗೆ ಅದನ್ನು ಸಾರ್ವಜನಿಕರ ಮುಂದೆ ಇಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ವೈದ್ಯಕೀಯ ದಾಖಲೆಗಳ ವಿಭಾಗದ ನಿವೃತ್ತ ನೌಕರಳು